ಪಿಕಪ್ ವಾಹನದ ಸಡಿಲ ಸ್ಟಿಯರಿಂಗ್: ಮೊದಲು ಹುಡುಕಿ, ಆಮೇಲೆ ಬಿಗಿಯಿರಿ



ಎತ್ತಿನ ಬಂಡಿ ನಿಲ್ಲುತ್ತಿದ್ದ ಅನೇಕ ಮನೆಗಳ ಅಂಗಳದಲ್ಲಿ ಇಂದು ಪಿಕಪ್ ವಾಹನ ನಿಂತಿದೆ. ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಒಣ ಮೆಣಸಿನಕಾಯಿ, ಮಾಲು ಯಾವುದೇ ಇರಲಿ, ಹೊಲದ ಬದುವಿನಿಂದ ಅಮರಗೋಳದ ಮಾರುಕಟ್ಟೆ ಪ್ರಾಂಗಣಕ್ಕೋ ಬ್ಯಾಡಗಿಯ ಪೇಟೆಗೋ ಅದೇ ಒಯ್ಯುತ್ತದೆ. ಹೊಸ ವಾಹನಕ್ಕೆ ಹಣ ಸಾಲದವರು ಹತ್ತು ಹದಿನೈದು ವರ್ಷ ಓಡಿದ ವಾಹನವನ್ನು ಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಹಳೆಯ ವಾಹನವೂ ಬಹುಕಾಲ ದುಡಿಯುತ್ತದೆ. ಆದರೆ ಇಂಥ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ದೋಷವನ್ನು ಮಾತ್ರ ಅಲಕ್ಷಿಸುವಂತಿಲ್ಲ. ಅದೇ ಸ್ಟಿಯರಿಂಗ್ ಸಡಿಲಾಗುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುಂದಗೋಳ ಕಡೆಯ ರೈತರೊಬ್ಬರು ಅಮರಗೋಳದಲ್ಲಿ ಮೆಣಸಿನಕಾಯಿ ಇಳಿಸಿ ಊರಿಗೆ ಮರಳುವಾಗ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಎಲ್ಲವೂ ಇರುವ ಈ ರಸ್ತೆ ಗ್ಯಾರೇಜುಗಳಿಗೂ ಬಿಡಿಭಾಗಗಳಿಗೂ ಜನ ಹುಡುಕಿಕೊಂಡು ಬರುವ ಸ್ಥಳ. ನಮ್ಮ ರೈತರು ಗ್ಯಾರೇಜಿನ ಮುಂದೆ ವಾಹನ ನಿಲ್ಲಿಸಿ, “ಸ್ಟಿಯರಿಂಗ್ ಲೂಸ್ ಆಗೇತ್ರಿ, ಸ್ವಲ್ಪ ಟೈಟ್ ಮಾಡಿ ಕೊಡ್ರಿ” ಎನ್ನುತ್ತಾರೆ. ಮಿಸ್ತ್ರಿಯ ಮುಂದೆ ಇನ್ನೂ ನಾಲ್ಕು ವಾಹನ ಕಾದಿವೆ. ಅವನು ಸ್ಟಿಯರಿಂಗ್ ಬಾಕ್ಸಿನ ಮೇಲಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಕೊಡುತ್ತಾನೆ. ಚಕ್ರ ಬಿಗಿಯಾದಂತೆ ತೋರುತ್ತದೆ. ರೈತರು ಸಮಾಧಾನದಿಂದ ಊರು ಸೇರುತ್ತಾರೆ. ವಾರ ಕಳೆಯುವುದರೊಳಗೆ ಸಡಿಲು ಮತ್ತೆ ಬಂದಿರುತ್ತದೆ. ಜೊತೆಗೆ, ತಿರುವಿನಲ್ಲಿ ತಿರುಗಿಸಿದ ಚಕ್ರ ತಾನಾಗಿ ನೆಟ್ಟಗಾಗುವುದಿಲ್ಲ ಎಂಬ ಹೊಸ ತೊಂದರೆಯೂ ಸೇರಿರುತ್ತದೆ.

ಇಲ್ಲಿ ತಪ್ಪು ಯಾರದು? ಮಿಸ್ತ್ರಿ ಹೇಳಿದ್ದನ್ನೇ ಮಾಡಿದ. ರೈತರು “ಟೈಟ್ ಮಾಡಿ” ಎಂದರು, “ಹುಡುಕಿ” ಎನ್ನಲಿಲ್ಲ. ಸಡಿಲು ಎಲ್ಲಿದೆ ಎಂದು ಹುಡುಕಲು ದುಬಾರಿ ಯಂತ್ರ ಬೇಕಾಗಿಲ್ಲ. ಒಬ್ಬ ಸಹಾಯಕ, ಒಂದು ಜ್ಯಾಕ್, ಒಂದು ಅಳತೆಪಟ್ಟಿ ಮತ್ತು ಅರ್ಧ ಗಂಟೆಯ ಸಮಯ ಇದ್ದರೆ ನೀವೇ ಮನೆಯಂಗಳದಲ್ಲಿ ಹುಡುಕಬಹುದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಚಕ್ರದಿಂದ ಗಾಲಿಯವರೆಗೆ

ಮೊದಲು ಭಾಗಗಳ ಪರಿಚಯ ಮಾಡಿಕೊಳ್ಳೋಣ. ಇಲ್ಲಿ ಹೇಳುವುದು ಮುಂದೆ ಗಟ್ಟಿ ಆಕ್ಸಲ್ ಮತ್ತು ಪಾಟಾ ಇರುವ, ಜೀಪಿನ ಮಾದರಿಯ ಹಳೆಯ ಪಿಕಪ್‌ಗಳ ರಚನೆ. ಚಾಲಕ ಹಿಡಿಯುವ ಚಕ್ರದಿಂದ ಒಂದು ಉದ್ದನೆಯ ದಂಡ ಕೆಳಗಿಳಿದು ಸ್ಟಿಯರಿಂಗ್ ಬಾಕ್ಸನ್ನು ಸೇರುತ್ತದೆ. ಕೆಲವು ವಾಹನಗಳಲ್ಲಿ ಈ ದಂಡದ ನಡುವೆ ಒಂದೆರಡು ಜಾಯಿಂಟುಗಳಿರುತ್ತವೆ. ಬಾಕ್ಸಿನ ಒಳಗಿನ ಗೇರುಗಳು ಚಕ್ರದ ಹಲವು ಸುತ್ತುಗಳನ್ನು ಒಂದು ತೋಳಿನ ಸಣ್ಣ ಚಲನೆಯಾಗಿ ಮಾರ್ಪಡಿಸುತ್ತವೆ. ಬಾಕ್ಸಿನ ಹೊರಗಿರುವ ಈ ತೋಳಿಗೆ ಡ್ರಾಪ್ ಆರ್ಮ್ ಎನ್ನುತ್ತಾರೆ. ಡ್ರಾಪ್ ಆರ್ಮ್‌ನಿಂದ ಡ್ರ್ಯಾಗ್ ಲಿಂಕ್ ಎಂಬ ಸಲಾಕೆ ಒಂದು ಗಾಲಿಯ ಕಡೆಗೆ ಹೋಗುತ್ತದೆ. ಎರಡು ಮುಂಗಾಲಿಗಳನ್ನು ಟೈ ರಾಡ್ ಎಂಬ ಇನ್ನೊಂದು ಸಲಾಕೆ ಜೋಡಿಸುತ್ತದೆ. ಈ ಸಲಾಕೆಗಳ ತುದಿಗಳಲ್ಲಿ ಗುಂಡಿನಾಕಾರದ ಬಾಲ್ ಜಾಯಿಂಟುಗಳಿವೆ. ಕೊನೆಗೆ, ಪ್ರತಿಯೊಂದು ಮುಂಗಾಲಿಯೂ ಕಿಂಗ್ ಪಿನ್ ಎಂಬ ನಿಲುಗೂಟದ ಸುತ್ತ ಎಡಕ್ಕೂ ಬಲಕ್ಕೂ ಹೊರಳುತ್ತದೆ. ತನ್ನ ಬೇರಿಂಗುಗಳ ಮೇಲೆ ಉರುಳುತ್ತದೆ.

ಕೆಲವು ಹಳೆಯ ಜೀಪ್ ಮಾದರಿಗಳಲ್ಲಿ ಡ್ರ್ಯಾಗ್ ಲಿಂಕ್ ನೇರವಾಗಿ ಗಾಲಿಗೆ ಹೋಗದೆ, ಮುಂದಿನ ನಡುಭಾಗದಲ್ಲಿರುವ ಬೆಲ್ ಕ್ರ್ಯಾಂಕ್ ಎಂಬ ತುಂಡಿಗೆ ಸೇರುತ್ತದೆ. ಅದರ ಪಿನ್ನು ಸವೆದರೂ ಸ್ಟಿಯರಿಂಗ್ ಸಡಿಲಾಗುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿ ಇರುವುದರಿಂದ ಅದನ್ನು ಪರೀಕ್ಷಿಸುವುದನ್ನೇ ಮರೆಯುವುದುಂಟು.

ಖಾಲಿ ತಿರುವು ಎಂದರೇನು?

ಚಕ್ರವನ್ನು ತುಸು ತಿರುಗಿಸಿದರೂ ಗಾಲಿ ಅಲುಗದೆ ನಿಂತಿದ್ದರೆ ಆ ತಿರುವನ್ನು ಖಾಲಿ ತಿರುವು ಎನ್ನೋಣ. ಗ್ಯಾರೇಜಿನವರು ಇದನ್ನೇ ಪ್ಲೇ ಎನ್ನುತ್ತಾರೆ. ಹೊಸ ವಾಹನದಲ್ಲಿಯೂ ಇದು ಸ್ವಲ್ಪ ಇರುತ್ತದೆ.

ಎಷ್ಟಿದ್ದರೆ ಹೆಚ್ಚು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಚಕ್ರದ ಖಾಲಿ ತಿರುವು 30 ಡಿಗ್ರಿ ಮೀರಕೂಡದು. 30 ಡಿಗ್ರಿ ಎಂದರೆ ಗಡಿಯಾರದ ಮುಖದಲ್ಲಿ 12ರಿಂದ 1ರವರೆಗಿನ ಅಂತರ. 40 ಸೆಂ.ಮೀ. ಅಗಲದ ಚಕ್ರದ ಅಂಚಿನಲ್ಲಿ ಇದು ಸುಮಾರು 10 ಸೆಂ.ಮೀ. ಆಗುತ್ತದೆ. ಆದರೆ ಇದು ಕಾನೂನು ಹಾಕಿದ ಕೊನೆಯ ಗೆರೆ. ಅಲ್ಲಿಯವರೆಗೆ ಕಾಯಬೇಕೆಂದು ಅರ್ಥವಲ್ಲ. ಅಂಚಿನಲ್ಲಿ 2ರಿಂದ 3 ಸೆಂ.ಮೀ. ಇದ್ದರೆ ಹಳೆಯ ವಾಹನಕ್ಕೆ ಚಿಂತೆಯಿಲ್ಲ. 5 ಸೆಂ.ಮೀ. ದಾಟಿದರೆ ಹುಡುಕಲು ಆರಂಭಿಸಿರಿ. ಗೆರೆ ಮೀರಿದ ವಾಹನವನ್ನು ರಸ್ತೆಗೆ ಇಳಿಸಲೇಬೇಡಿರಿ.

ಅದೇ ನಿಯಮ ಇನ್ನೆರಡು ಮಾತುಗಳನ್ನು ಹೇಳುತ್ತದೆ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು. ಜೋಡಣೆಯ ಬೋಲ್ಟು ಪಿನ್ನುಗಳು ಕಳಚದಂತೆ ಭದ್ರಗೊಂಡಿರಬೇಕು. ಎಂಟು ವರ್ಷ ಮೀರಿದ ಸರಕು ವಾಹನದ ಯೋಗ್ಯತಾ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಆ ತಪಾಸಣೆಗೆ ಹೋಗುವ ಮೊದಲು ಈ ಮೂರನ್ನೂ ನೋಡಿಕೊಂಡರೆ ಅಲೆದಾಟ ತಪ್ಪುತ್ತದೆ.

ಸಣ್ಣ ಸವೆತ, ದೊಡ್ಡ ಸಡಿಲು

ಒಂದು ಲೆಕ್ಕ ನೋಡಿರಿ. ಡ್ರಾಪ್ ಆರ್ಮ್ 15 ಸೆಂ.ಮೀ. ಉದ್ದವಿದೆ, ಚಕ್ರ 20 ಡಿಗ್ರಿ ತಿರುಗಿದರೆ ಆರ್ಮ್ 1 ಡಿಗ್ರಿ ತಿರುಗುತ್ತದೆ, ಚಕ್ರದ ಅಗಲ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ಆಗ ಆರ್ಮ್‌ನ ತುದಿಯ ಬಾಲ್ ಜಾಯಿಂಟ್ ಕೇವಲ 1 ಮಿ.ಮೀ. ಸವೆದರೂ ಚಕ್ರದ ಅಂಚಿನಲ್ಲಿ ಸುಮಾರು 2.7 ಸೆಂ.ಮೀ. ಖಾಲಿ ತಿರುವು ಕಾಣುತ್ತದೆ. ಬಾಕ್ಸಿನಿಂದ ಗಾಲಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ಅರ್ಧರ್ಧ ಮಿ.ಮೀ. ಸವೆದಿದ್ದರೆ ಒಟ್ಟು 4 ಸೆಂ.ಮೀ. ಆಯಿತು.

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಒಂದು, ಸಡಿಲು ಒಂದೇ ಕಡೆಯಿಂದ ಬರಬೇಕಾಗಿಲ್ಲ, ಹಲವು ಕಡೆಯಿಂದ ಕೂಡಿ ಬರಬಹುದು. ಎರಡು, ಜಾಯಿಂಟುಗಳಲ್ಲಿರುವ ಸವೆತವನ್ನು ಬಾಕ್ಸಿನ ಸ್ಕ್ರೂ ತಿರುಗಿಸಿ ಹೋಗಲಾಡಿಸಲಾಗದು. ಬಂಡಿಯ ಅಚ್ಚು ಸವೆದಾಗ ನೊಗದ ಹಗ್ಗ ಬಿಗಿದರೆ ಪ್ರಯೋಜನವೇನು?

ಲಕ್ಷಣಗಳನ್ನು ಬೇರ್ಪಡಿಸಿರಿ

“ಸ್ಟಿಯರಿಂಗ್ ಸರಿ ಇಲ್ಲ” ಎಂಬ ಒಂದು ಮಾತಿನಲ್ಲಿ ಬೇರೆ ಬೇರೆ ದೋಷಗಳು ಅಡಗಿರುತ್ತವೆ.

ಚಕ್ರ ತಿರುಗಿಸಿದರೂ ವಾಹನ ತಡವಾಗಿ ಹೊರಳಿದರೆ ಅದು ಸಡಿಲು. ಇದು ಜಾಯಿಂಟು, ಬಾಕ್ಸು, ಕಿಂಗ್ ಪಿನ್ ಅಥವಾ ಬೇರಿಂಗಿನ ದೋಷ.

ಒಂದು ವೇಗಕ್ಕೆ ಬಂದಾಗ ಚಕ್ರ ಗಡಗಡ ನಡುಗಿದರೆ ಗಾಲಿಯ ಸಮತೋಲ, ಬಾಗಿದ ರಿಮ್ಮು ಅಥವಾ ಉಬ್ಬಿದ ಟೈರನ್ನು ನೋಡಬೇಕು. ಸವೆದ ಜಾಯಿಂಟು, ಕಿಂಗ್ ಪಿನ್ನುಗಳು ಈ ನಡುಕವನ್ನು ಹೆಚ್ಚಿಸುತ್ತವೆ.

ವಾಹನ ಸದಾ ಒಂದೇ ಕಡೆ ಎಳೆದರೆ ಮೊದಲು ಎರಡೂ ಮುಂದಿನ ಟೈರುಗಳ ಗಾಳಿಯನ್ನು ಅಳೆಯಿರಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ದೋಷ ಬ್ರೇಕಿನಲ್ಲಿದೆ.

ಮಾಲು ತುಂಬಿದಾಗ ಮಾತ್ರ ಸ್ಟಿಯರಿಂಗ್ ಹಗುರಾಗಿ ವಾಹನ ಓಲಾಡಿದರೆ ದೋಷ ಹೇರಿನಲ್ಲಿ ಇರಬಹುದು. ಹತ್ತಿ ಚೀಲಗಳನ್ನೋ ಉಳ್ಳಾಗಡ್ಡಿ ಚೀಲಗಳನ್ನೋ ಹಿಂದಿನ ಗಾಲಿಯ ಆಚೆಗೆ ಹೊರಚಾಚಿ ಒಟ್ಟಿದರೆ ವಾಹನದ ಮೂತಿ ಮೇಲೇಳುತ್ತದೆ. ಮುಂಗಾಲಿಗಳಿಗೆ ನೆಲದ ಹಿಡಿತ ತಪ್ಪುತ್ತದೆ. ಯಾವ ಮಿಸ್ತ್ರಿಯೂ ಇದನ್ನು ರಿಪೇರಿ ಮಾಡಲಾರ. ಭಾರವನ್ನು ಕ್ಯಾಬಿನ್ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಬರುವಂತೆ ಹೇರಬೇಕು, ವಾಹನದ ಮಿತಿಯನ್ನು ಮೀರಬಾರದು.

ಹುಡುಕುವ ಕ್ರಮ

ಸಮನಾದ ಗಟ್ಟಿ ನೆಲದಲ್ಲಿ ಖಾಲಿ ವಾಹನವನ್ನು ನಿಲ್ಲಿಸಿರಿ. ಮುಂಗಾಲಿಗಳು ನೆಟ್ಟಗಿರಲಿ. ಕೈಬ್ರೇಕ್ ಎಳೆದು ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿರಿ. ಟೈರುಗಳ ಗಾಳಿ ಸರಿಯಾಗಿರಲಿ. ಜಾಯಿಂಟುಗಳ ಮೇಲಿನ ಕೆಸರನ್ನು ಒರೆಸಿ ಸ್ವಚ್ಛ ಮಾಡಿರಿ. ಕೆಸರಿನಡಿ ಸವೆತ ಕಾಣುವುದಿಲ್ಲ.

ಮೊದಲನೆಯ ಪರೀಕ್ಷೆ: ಅಳತೆ. ಎಂಜಿನ್ ನಿಲ್ಲಿಸಿ, ಸ್ಟಿಯರಿಂಗಿಗೆ ಬೀಗ ಇದ್ದರೆ ಕೀಲಿಯಿಂದ ಬಿಡಿಸಿರಿ. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನ್ ಓಡುತ್ತಿರಬೇಕು. ಚಕ್ರದ ಅಂಚಿಗೆ ಒಂದು ದಾರ ಕಟ್ಟಿ ಗುರುತು ಮಾಡಿಕೊಳ್ಳಿರಿ. ಕಿಟಕಿಯಿಂದ ಮುಂಗಾಲಿಯನ್ನು ನೋಡುತ್ತ ಚಕ್ರವನ್ನು ಮೆಲ್ಲನೆ ಎಡಕ್ಕೆ ತಿರುಗಿಸಿ, ಗಾಲಿ ಅಲುಗುವ ಹೊತ್ತಿಗೆ ನಿಲ್ಲಿಸಿರಿ. ಹಾಗೆಯೇ ಬಲಕ್ಕೆ. ಎರಡರ ನಡುವಿನ ಅಂತರವನ್ನು ಅಳೆದು ಬರೆದಿಡಿರಿ. ದುರಸ್ತಿಯ ನಂತರ ಹೋಲಿಸಲು ಈ ಅಂಕಿ ಬೇಕಾಗುತ್ತದೆ.

ಎರಡನೆಯ ಪರೀಕ್ಷೆ: ಕೈಯಿಟ್ಟು ನೋಡುವುದು. ಸಹಾಯಕರು ಒಳಗೆ ಕುಳಿತು ಚಕ್ರವನ್ನು ಅರ್ಧ ಗೇಣಿನಷ್ಟು ಎಡಕ್ಕೂ ಬಲಕ್ಕೂ ಒಂದೇ ಸಮನೆ ಆಡಿಸುತ್ತಿರಲಿ. ಗಾಲಿಗಳು ನೆಲದ ಮೇಲೆಯೇ ಇರಬೇಕು. ಎತ್ತಿದರೆ ಭಾರವಿಲ್ಲದೆ ಸವೆತ ತೋರುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಬೆಲ್ಟು ಫ್ಯಾನುಗಳ ಹತ್ತಿರ ಕೈ ಚಾಚಬೇಡಿರಿ. ಈಗ ನೀವು ಮೇಲಿನಿಂದ ಕೆಳಕ್ಕೆ ಒಂದೊಂದೇ ಜೋಡಣೆಯನ್ನು ನೋಡುತ್ತ ಬನ್ನಿರಿ. ಪ್ರತಿ ಕಡೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ತುಂಡು ಅಲುಗಿದ ಕೂಡಲೆ ಮುಂದಿನ ತುಂಡು ಅಲುಗಿತೇ, ಇಲ್ಲವೇ ತಡವಾಯಿತೇ?

ಚಕ್ರ ತಿರುಗಿದರೂ ಬಾಕ್ಸಿಗೆ ಸೇರುವ ದಂಡದ ತುದಿ ತಡವಾಗಿ ತಿರುಗಿದರೆ ದೋಷ ದಂಡದ ಜಾಯಿಂಟುಗಳಲ್ಲಿದೆ.

ಬಾಕ್ಸೇ ಚಾಸಿಯ ಮೇಲೆ ಅಲುಗಾಡುತ್ತಿದ್ದರೆ ಅದನ್ನು ಹಿಡಿದ ಬೋಲ್ಟುಗಳು ಸಡಿಲಾಗಿವೆ. ಬೋಲ್ಟುಗಳ ಸುತ್ತ ಚಾಸಿ ಬಿರುಕು ಬಿಟ್ಟಿದೆಯೇ ಎಂದು ಟಾರ್ಚು ಹಿಡಿದು ನೋಡಿರಿ. ಇದು ಬಲು ಅಪಾಯದ ಚಿಹ್ನೆ.

ದಂಡ ತಿರುಗಿದರೂ ಡ್ರಾಪ್ ಆರ್ಮ್ ತಡವಾಗಿ ಅಲುಗಿದರೆ ದೋಷ ಬಾಕ್ಸಿನ ಒಳಗಿದೆ. ಆದರೆ ಆರ್ಮ್‌ನ ನಟ್ಟು ಸಡಿಲಾಗಿದ್ದರೂ ಹೀಗೆಯೇ ತೋರುತ್ತದೆ. ಆದ್ದರಿಂದ ಮೊದಲು ನಟ್ಟು ನೋಡಿರಿ.

ಆರ್ಮ್ ಅಲುಗಿದರೂ ಡ್ರ್ಯಾಗ್ ಲಿಂಕ್ ತಡವಾದರೆ ಆ ತುದಿಯ ಬಾಲ್ ಜಾಯಿಂಟ್ ಸವೆದಿದೆ. ಜಾಯಿಂಟಿನ ಎರಡೂ ಭಾಗಗಳ ಮೇಲೆ ಅಂಗೈ ಇಟ್ಟರೆ ಕಣ್ಣಿಗೆ ಕಾಣದ ಸಡಿಲೂ ಕೈಗೆ ಟಕ್ ಎಂದು ತಿಳಿಯುತ್ತದೆ. ಬೆರಳು ಸಂದಿಗೆ ಸಿಗದಂತೆ ಎಚ್ಚರವಿರಲಿ. ಹೀಗೆಯೇ ಡ್ರ್ಯಾಗ್ ಲಿಂಕಿನ ಇನ್ನೊಂದು ತುದಿ, ಬೆಲ್ ಕ್ರ್ಯಾಂಕ್, ಟೈ ರಾಡಿನ ಎರಡೂ ತುದಿಗಳನ್ನು ನೋಡಿರಿ.

ಕೊನೆಗೆ ಪಾಟಾಗಳ ಕಡೆ ಬನ್ನಿರಿ. ಚಕ್ರ ಆಡಿಸಿದಾಗ ಆಕ್ಸಲ್ಲೇ ಪಕ್ಕಕ್ಕೆ ಸರಿದಂತೆ ತೋರಿದರೆ ಯು-ಬೋಲ್ಟು ಸಡಿಲಾಗಿದೆ, ನಡುವಿನ ಬೋಲ್ಟು ಮುರಿದಿದೆ, ಇಲ್ಲವೇ ಪಾಟಾ ತುದಿಯ ಬುಷ್ ಸವೆದಿದೆ. ಇಂಥ ವಾಹನದ ಎಲ್ಲ ಜಾಯಿಂಟುಗಳನ್ನು ಬದಲಿಸಿದರೂ ಅದು ಓಲಾಡುವುದು ನಿಲ್ಲುವುದಿಲ್ಲ.

ಮೂರನೆಯ ಪರೀಕ್ಷೆ: ಗಾಲಿ ಎತ್ತಿ ನೋಡುವುದು. ಆಕ್ಸಲ್ ಅಡಿ ಜ್ಯಾಕ್ ಕೊಟ್ಟು ಒಂದು ಮುಂಗಾಲಿಯನ್ನು ನೆಲದಿಂದ ಎತ್ತಿರಿ. ಜ್ಯಾಕ್ ಒಂದನ್ನೇ ನಂಬಬೇಡಿರಿ. ಗಟ್ಟಿಮುಟ್ಟಾದ ಮರದ ದಿಮ್ಮಿಯನ್ನೋ ಸ್ಟ್ಯಾಂಡನ್ನೋ ಅಡಿಯಲ್ಲಿಡಿರಿ. ಜ್ಯಾಕಿನ ಮೇಲಿರುವ ವಾಹನದ ಕೆಳಗೆ ತೂರಬೇಡಿರಿ.

ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿರಿ. ಸಡಿಲು ಕಂಡರೆ ಸಹಾಯಕರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಿಸಿರಿ. ಬ್ರೇಕ್ ಒತ್ತಿದಾಗ ಸಡಿಲು ಮಾಯವಾದರೆ ದೋಷ ಗಾಲಿಯ ಬೇರಿಂಗಿನದು. ಒತ್ತಿದರೂ ಉಳಿದರೆ ಕಿಂಗ್ ಪಿನ್ ಅಥವಾ ಅದರ ಬುಷ್ ಸವೆದಿದೆ. ಈ ಒಂದು ಉಪಾಯ ಎಷ್ಟೋ ಅನಾವಶ್ಯಕ ಖರ್ಚನ್ನು ತಪ್ಪಿಸುತ್ತದೆ. ನಂತರ ಎಡಕ್ಕೂ ಬಲಕ್ಕೂ ಕೈ ಹಿಡಿದು ಅಲುಗಿಸಿರಿ. ಮೇಲೆ-ಕೆಳಗೆ ಹಿಡಿದಾಗ ಇಲ್ಲದ ಸಡಿಲು ಈಗ ಕಂಡರೆ ಸಲಾಕೆಗಳ ಜಾಯಿಂಟು ಸವೆದಿದೆ ಎಂದು ತಿಳಿಯಬೇಕು. ಇನ್ನೊಂದು ಗಾಲಿಯನ್ನೂ ಹೀಗೆಯೇ ಪರೀಕ್ಷಿಸಿರಿ.

ದುರಸ್ತಿ ಹೇಗೆ?

ಗಾಲಿಯ ಬೇರಿಂಗ್: ಸವೆಯದೆ ಕೇವಲ ಸಡಿಲಾಗಿದ್ದರೆ ಹೊಂದಿಸಿದರೆ ಸಾಕು. ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ಕೈಪಿಡಿಯಲ್ಲಿ ಹೇಳಿದಷ್ಟು ಮತ್ತೆ ಸಡಿಲಿಸಿ ಭದ್ರಪಡಿಸಬೇಕು. ಐದಾರು ಕಿ.ಮೀ. ಓಡಿಸಿ ಬಂದು ಹಬ್ಬಿನ ಹತ್ತಿರ ಕೈ ಹಿಡಿಯಿರಿ. ಇನ್ನೊಂದು ಗಾಲಿಗಿಂತ ಹೆಚ್ಚು ಸುಡುತ್ತಿದ್ದರೆ ಅತಿಯಾಗಿ ಬಿಗಿದಿದೆ. ತಿರುಗಿಸುವಾಗ ಗರಗರ ಸದ್ದು ಬಂದರೆ ಬೇರಿಂಗನ್ನೇ ಬದಲಿಸಿರಿ.

ಬಾಲ್ ಜಾಯಿಂಟ್: ಸವೆದ ತುದಿಯನ್ನು ಬದಲಿಸುವುದೊಂದೇ ದಾರಿ. ತಗಡಿನ ಚೂರು ತುರುಕುವುದು, ಸುತ್ತಿಗೆಯಿಂದ ಬಡಿದು ಬಿಗಿ ಮಾಡುವುದು, ಬೆಸುಗೆ ಹಾಕಿಸುವುದು ಜೀವಕ್ಕೆ ಎರವಾಗುವ ಕೆಲಸಗಳು. ಬಾಗಿದ ಟೈ ರಾಡ್, ಡ್ರಾಪ್ ಆರ್ಮ್‌ಗಳನ್ನು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಲೂಬಾರದು. ಕಾದ ಕಬ್ಬಿಣ ತನ್ನ ಹದ ಕಳೆದುಕೊಂಡು ಮುಂದೊಂದು ದಿನ ಮುನ್ಸೂಚನೆ ಇಲ್ಲದೆ ಮುರಿಯಬಹುದು.

ಹಳೆಯ ತುದಿಯನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಏರಿಸಿರಿ. ಸಾಮಾನ್ಯವಾಗಿ ಟೈ ರಾಡಿನ ಒಂದು ತುದಿಗೆ ಉಲ್ಟಾ ಮರೆ ಇರುತ್ತದೆ. ಬಲವಂತ ಮಾಡಿ ಮರೆ ಕೆಡಿಸಬೇಡಿರಿ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಕೂಡದಿದ್ದರೆ ಮುಂದಿನ ಗಾಡಿಗೆ ಬರುವಷ್ಟು ಇನ್ನೂ ತುಸು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದಾಗಿರಲಿ. ಬಂಡಿಗೆ ಕಡೆಗೀಲು ಹೇಗೋ ಸ್ಟಿಯರಿಂಗಿಗೆ ಈ ಸಣ್ಣ ಪಿನ್ನು ಹಾಗೆ. ಹಳೆಯ ತಂತಿ ತುಂಡು ಸುತ್ತಿ ತೃಪ್ತಿಪಡಬೇಡಿರಿ.

ತುದಿಗಳನ್ನು ಬದಲಿಸಿದ ಮೇಲೆ ಮುಂಗಾಲಿಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಹೊಸ ಟೈರು ಕೆಲವೇ ತಿಂಗಳಲ್ಲಿ ಒಂದು ಮಗ್ಗುಲು ತಿಂದುಹೋಗುತ್ತದೆ.

ಕಿಂಗ್ ಪಿನ್: ಇದು ಗ್ಯಾರೇಜಿನ ಕೆಲಸ. ಬುಷ್ ಕೂಡಿಸಿ, ಪಿನ್ನಿಗೆ ಸರಿಯಾಗಿ ಹೊಂದುವಂತೆ ಒಳಭಾಗವನ್ನು ರೀಮರ್‌ನಿಂದ ಹದಗೊಳಿಸಬೇಕಾಗುತ್ತದೆ. ಎರಡೂ ಕಡೆ ಒಟ್ಟಿಗೆ ಮಾಡಿಸುವುದು ಲೇಸು.

ಬಾಕ್ಸಿನ ಸ್ಕ್ರೂ: ಕೊನೆಯ ಕೆಲಸ

ಮೇಲಿನ ಎಲ್ಲವೂ ಸರಿಯಿದ್ದು, ದಂಡಕ್ಕೂ ಡ್ರಾಪ್ ಆರ್ಮ್‌ಗೂ ನಡುವೆ ಮಾತ್ರ ಖಾಲಿ ತಿರುವು ಉಳಿದಿದ್ದರೆ ಆಗ ಬಾಕ್ಸಿನ ಕಡೆ ಬರಬೇಕು. ಮೊದಲು ಅದರ ಎಣ್ಣೆ ನೋಡಿರಿ. ಎಣ್ಣೆ ಸೋರಿ ಒಣಗಿದ ಬಾಕ್ಸನ್ನು ಬಿಗಿದರೆ ಸವೆತ ಇನ್ನೂ ಬೇಗ ಆಗುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿರಿ.

ಸ್ಕ್ರೂ ತಿರುಗಿಸುವಾಗ ಎಚ್ಚರ ಏಕೆ ಬೇಕು? ಬಾಕ್ಸಿನ ಗೇರುಗಳನ್ನು ನಡುಭಾಗದಲ್ಲಿ ಬಿಗಿಯಾಗಿಯೂ ಎರಡೂ ಕೊನೆಗಳಲ್ಲಿ ತುಸು ಸಡಿಲಾಗಿಯೂ ಇರುವಂತೆ ಮಾಡಿರುತ್ತಾರೆ. ವಾಹನ ಹೆಚ್ಚಿನ ಕಾಲ ನೇರವಾಗಿಯೇ ಓಡುವುದರಿಂದ ನಡುಭಾಗವೇ ಮೊದಲು ಸವೆಯುತ್ತದೆ. ಗಾಲಿ ಹೊರಳಿರುವಾಗ ಸ್ಕ್ರೂ ಬಿಗಿದರೆ, ನೆಟ್ಟಗೆ ಬಂದಾಗ ಗೇರುಗಳು ಒತ್ತಿ ಹಿಡಿಯುತ್ತವೆ. ಸವೆದ ನಡುಭಾಗದ ಸಡಿಲು ಪೂರ್ತಿ ಹೋಗುವವರೆಗೆ ಬಿಗಿದರೆ, ತಿರುವಿನಲ್ಲಿ ಕಚ್ಚಿಕೊಳ್ಳುತ್ತವೆ.

ಆದ್ದರಿಂದ ಗಾಲಿಗಳು ನೆಟ್ಟಗಿರುವಾಗ, ಡ್ರ್ಯಾಗ್ ಲಿಂಕನ್ನು ಬೇರ್ಪಡಿಸಿ, ಚೆಕ್ ನಟ್ಟು ಸಡಿಲಿಸಿ, ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಪ್ರತಿ ಸಲವೂ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ಎಲ್ಲಿಯೂ ಹಿಡಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಡಿದರೆ ಬಾಕ್ಸಿನ ಒಳಭಾಗವೇ ಸವೆದಿದೆ. ಅದನ್ನು ಬಿಚ್ಚಿ ಬೇರಿಂಗು ಗೇರುಗಳನ್ನು ಬದಲಿಸಬೇಕಾಗುತ್ತದೆ. ಸಡಿಲ ಸ್ಟಿಯರಿಂಗ್ ಅಪಾಯ ನಿಜ, ಆದರೆ ತಿರುವಿನಲ್ಲಿ ಕಚ್ಚಿ ನಿಲ್ಲುವ ಸ್ಟಿಯರಿಂಗ್ ಅದಕ್ಕಿಂತ ದೊಡ್ಡ ಅಪಾಯ.

ಗ್ಯಾರೇಜಿಗೆ ಹೋಗುವಾಗ

ಈಗ ಕುಂದಗೋಳ ಕಡೆಯ ನಮ್ಮ ರೈತರು ಮತ್ತೆ ಗೋಕುಲ ರಸ್ತೆಗೆ ಬಂದರೆಂದು ತಿಳಿಯಿರಿ. ಈ ಸಲ ಅವರ ಕಿಸೆಯಲ್ಲಿ ಒಂದು ಚೀಟಿ ಇದೆ: “ಖಾಲಿ ತಿರುವು 7 ಸೆಂ.ಮೀ. ಡ್ರ್ಯಾಗ್ ಲಿಂಕಿನ ಮುಂದಿನ ತುದಿ ಸಡಿಲು. ಎಡಗಾಲಿ ಮೇಲೆ-ಕೆಳಗೆ ಆಡುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ.” ಮಿಸ್ತ್ರಿ ಚೀಟಿ ನೋಡಿ ನೇರವಾಗಿ ಕೆಲಸಕ್ಕೆ ತೊಡಗುತ್ತಾನೆ. ಒಂದು ತುದಿ ಬದಲಾಯಿತು, ಒಂದು ಬೇರಿಂಗ್ ಹೊಂದಿಸಲಾಯಿತು. ಮೊದಲು ಅತಿಯಾಗಿ ಬಿಗಿದಿದ್ದ ಬಾಕ್ಸಿನ ಸ್ಕ್ರೂವನ್ನು ಸರಿಯಾದ ಹದಕ್ಕೆ ತರಲಾಯಿತು. ಇಡೀ ಬಾಕ್ಸನ್ನು ಬದಲಿಸುವ ಮಾತೇ ಬರಲಿಲ್ಲ.

ನೀವೂ ಹೀಗೆ ಬರೆದುಕೊಂಡು ಹೋಗಿರಿ. ಬಿಡಿಭಾಗ ಕೊಳ್ಳುವಾಗ ವಾಹನದ ಮಾದರಿ ಮತ್ತು ವರ್ಷವನ್ನು ತಿಳಿಸಿರಿ. ಸಾಧ್ಯವಾದರೆ ಹಳೆಯ ತುಂಡನ್ನು ಜೊತೆಗೆ ಒಯ್ಯಿರಿ. ಕಡಿಮೆ ಬೆಲೆಗೆ ಮರುಳಾಗಿ ಗುರುತಿಲ್ಲದ ತುಂಡು ತರಬೇಡಿರಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಅವನ್ನು ಕೈಯಲ್ಲಿ ಅಲುಗಿಸಿ ನೋಡಿದರೆ ಸವೆತ ಎಂದರೇನೆಂದು ನಿಮಗೇ ಅರಿವಾಗುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ತಿರುವನ್ನು ಮತ್ತೆ ಅಳೆಯಿರಿ. ಆಮೇಲೆ ವಾಹನ ದಟ್ಟಣೆ ಇಲ್ಲದ ಕಡೆ ನಿಧಾನವಾಗಿ ಓಡಿಸಿ, ತಿರುವು ಮುಗಿದಾಗ ಚಕ್ರ ತಾನಾಗಿ ನೆಟ್ಟಗೆ ಬರುವುದೇ ಎಂದು ಪರೀಕ್ಷಿಸಿರಿ.

ಎರೆ ನೆಲದಲ್ಲಿ ವಾಹನದ ಆರೈಕೆ

ನಮ್ಮ ಎರೆ ಭೂಮಿಯ ಮಳೆಗಾಲದ ಕೆಸರು ಸ್ಟಿಯರಿಂಗಿನ ದೊಡ್ಡ ವೈರಿ. ರಬ್ಬರ್ ಟೊಪ್ಪಿಗೆ ಒಮ್ಮೆ ಹರಿದರೆ ಕೆಸರು ಒಳನುಗ್ಗಿ ಗ್ರೀಸಿನೊಡನೆ ಬೆರೆತು, ಸಾಣೆಯ ಪುಡಿಯಂತೆ ಗುಂಡನ್ನು ಅರೆಯುತ್ತದೆ. ಬೇಸಿಗೆಯಲ್ಲಿ ಒಣಗಿದ ಗಾಲಿಜಾಡುಗಳ ಹೊಡೆತ ಟೈ ರಾಡನ್ನು ಬಗ್ಗಿಸಬಹುದು. ಆದ್ದರಿಂದ ಕೆಳಗಿನ ಕೆಲಸಗಳನ್ನು ತಪ್ಪದೆ ಮಾಡಿರಿ.

ವಾರಕ್ಕೊಮ್ಮೆ ಟೈರಿನ ಗಾಳಿ ಅಳೆಯಿರಿ. ರಬ್ಬರ್ ಟೊಪ್ಪಿಗೆ, ಸ್ಪ್ಲಿಟ್ ಪಿನ್ನುಗಳ ಮೇಲೆ ಕಣ್ಣಾಡಿಸಿರಿ.

ನಿಪ್ಪಲ್ ಇರುವ ಎಲ್ಲ ಜಾಯಿಂಟುಗಳಿಗೂ ಕಿಂಗ್ ಪಿನ್ನುಗಳಿಗೂ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಗ್ರೀಸ್ ಹೊಡೆಯಿರಿ. ಕೆಸರಿನಲ್ಲಿ ಓಡಿದ್ದರೆ ಇನ್ನೂ ಬೇಗ ಹೊಡೆಯುವುದು ಒಳ್ಳೆಯದು. ನಿಪ್ಪಲಿನ ಮಣ್ಣು ಒರೆಸಿಯೇ ಗನ್ ಹಿಡಿಯಬೇಕು. ಇಲ್ಲದಿದ್ದರೆ ಗ್ರೀಸಿನ ಜೊತೆ ಮಣ್ಣನ್ನೂ ತುರುಕಿದಂತಾಗುತ್ತದೆ.

ಜೋರಾದ ನೀರಿನಿಂದ ತೊಳೆಸಿದ ನಂತರ ಗ್ರೀಸ್ ಹೊಡೆಯಿರಿ, ಮೊದಲಲ್ಲ.

ವರ್ಷಕ್ಕೆರಡು ಬಾರಿ, ಹೆಸರು ಕಾಯಿ ಮಾರುಕಟ್ಟೆಗೆ ಹೊರಡುವ ಮೊದಲು ಮತ್ತು ಮೆಣಸಿನಕಾಯಿಯ ಹಂಗಾಮಿನ ಮೊದಲು, ಮೂರೂ ಪರೀಕ್ಷೆಗಳನ್ನು ಮಾಡಿರಿ. ಹಳೆಯ ವಾಹನ ಕೊಳ್ಳುವವರು ಹಣ ಕೊಡುವ ಮೊದಲೇ ಇವನ್ನು ಮಾಡಬೇಕು.

ನೆನಪಿಡಬೇಕಾದ ಅಂಶಗಳು

1. ಮೊದಲು ಅಳೆಯಿರಿ, ನಂತರ ಹುಡುಕಿ, ಕೊನೆಗೆ ಪಾನಾ ಹಿಡಿಯಿರಿ.

2. ಬ್ರೇಕ್ ಒತ್ತಿದಾಗ ಮಾಯವಾಗುವ ಸಡಿಲು ಬೇರಿಂಗಿನದು, ಉಳಿಯುವ ಸಡಿಲು ಕಿಂಗ್ ಪಿನ್ನಿನದು.

3. ಸವೆದ ಜಾಯಿಂಟಿಗೆ ಬೆಸುಗೆ, ಬಡಿತ, ತಗಡು ಯಾವುದೂ ಬೇಡ, ಬದಲಿಸಿರಿ.

4. ಬಾಕ್ಸಿನ ಸ್ಕ್ರೂ ಕೊನೆಯ ಕೆಲಸ, ಮೊದಲನೆಯದಲ್ಲ.

5. ಹೇರು ಹಿಂದಕ್ಕೆ ಚಾಚದಿರಲಿ, ಮಿತಿ ಮೀರದಿರಲಿ.

ಸರಕು ವಾಹನದಲ್ಲಿ ಕೂಲಿಯಾಳುಗಳನ್ನು ತುಂಬಿ ಒಯ್ಯುವುದು ಕಾನೂನಿಗೆ ವಿರುದ್ಧ. ಹಾಗಿದ್ದರೂ ಕಳೆ ತೆಗೆಯುವ, ಕಾಯಿ ಬಿಡಿಸುವ ದಿನಗಳಲ್ಲಿ ಈ ರೂಢಿ ನಿಂತಿಲ್ಲ. ಸ್ಟಿಯರಿಂಗ್ ಸಡಿಲಾದ ವಾಹನದಲ್ಲಿ ಹಾಗೆ ಒಯ್ಯುವವರು ಎಷ್ಟು ಮನೆಗಳ ದೀಪವನ್ನು ಪಣಕ್ಕಿಡುತ್ತಾರೆಂದು ಯೋಚಿಸಬೇಕು. ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ. ಮಾಲು ಒಂದು ದಿನ ತಡವಾಗಿ ಮುಟ್ಟುತ್ತದೆ, ಅಷ್ಟೆ. ಸ್ಟಿಯರಿಂಗ್ ಕೆಟ್ಟರೆ ವಾಹನ ನಿಲ್ಲುವುದಿಲ್ಲ, ಹೋಗಬಾರದ ಕಡೆ ಹೋಗುತ್ತದೆ. ಬರುವ ಅಮಾವಾಸ್ಯೆಯಂದು ವಾಹನಕ್ಕೆ ಪೂಜೆ ಮಾಡುವ ಮೊದಲು ಅರ್ಧ ಗಂಟೆ ಅದರ ಮುಂದೆ ಕುಳಿತು ಈ ಪರೀಕ್ಷೆಗಳನ್ನು ಮಾಡಿರಿ. ನಿಂಬೆಹಣ್ಣು ಕಟ್ಟುವ ಕೈಯೇ ಸ್ಪ್ಲಿಟ್ ಪಿನ್ನನ್ನೂ ಮುಟ್ಟಿ ನೋಡಲಿ.